ಕದಡದ ಸೀಸೆ

“ಆ ಬಾಗಿಲ ಮೇಲಿಂದ ಕೈ ತೆಗಿ” ಎಂದ ಸೀಸೆ ಮಾವ.

ಮೊಂಡ ಕೈ ತೆಗೆಯಲಿಲ್ಲ. ಅವನ ಅಂಗೈ ಕೆಳಗೆ ಲ್ಯಾಬಿನ ಕಾವುಪೆಟ್ಟಿಗೆ ಬೆಚ್ಚಗೆ ಗುಂಯ್‌ಗುಡುತ್ತಿತ್ತು. ಬಾಗಿಲಿನ ರಬ್ಬರು ಪಟ್ಟಿ ಸವೆದು ಯಾವ ಕಾಲವಾಗಿತ್ತೋ. ಸಂದಿಗೆ ಹಳೆಯ ಟವೆಲು ತುರುಕಿ, ಹೊರಗಿನಿಂದ ಸೈಕಲ್ ಟ್ಯೂಬು ಬಿಗಿದಿದ್ದರು. ರೋಗಿಯ ರಕ್ತದಲ್ಲಿ ಕ್ರಿಮಿ ಇದೆಯೋ ಇಲ್ಲವೋ ಎಂದು ಈ ಆಸ್ಪತ್ರೆಗೆ ಹೇಳುತ್ತಿದ್ದದ್ದು ಈ ಪೆಟ್ಟಿಗೆ ಒಂದೇ. ಅದರ ಮಾತು ನಂಬಿಕೊಂಡು ಒಬ್ಬ ಹೆಂಗಸನ್ನು ಕೊಲೆಗಾತಿ ಮಾಡಲು ಹೊರಟಿದ್ದರು.

ಆ ಹೆಂಗಸು ಮೊಂಡನ ಅಕ್ಕ.

ಎಳೆಗೂಸುಗಳ ವಾರ್ಡಿನಲ್ಲಿ ಮೂರು ಕೂಸುಗಳು ಒಂದರ ಹಿಂದೊಂದು ಸತ್ತಿದ್ದವು. ಮೂರರ ರಕ್ತದಲ್ಲೂ ಏನೂ ಬೆಳೆದಿಲ್ಲ ಎಂದು ಲ್ಯಾಬು ಹೇಳಿತ್ತು. ಸೋಂಕಿಲ್ಲ ಅಂದ ಮೇಲೆ ಯಾರೋ ಏನೋ ಕೊಟ್ಟಿರಬೇಕು ಎಂದು ದೊಡ್ಡ ಡಾಕ್ಟರು ತೀರ್ಮಾನಿಸಿದ್ದರು. ಮೂರು ಸಲವೂ ಪಾಳಿಯಲ್ಲಿದ್ದ ನರ್ಸು ಒಬ್ಬಳೇ. ನಾಳೆ ಮಧ್ಯಾಹ್ನ ವಿಚಾರಣಾ ಸಮಿತಿ ಕೂರುತ್ತದೆ. ಅದು ಎದ್ದ ಮೇಲೆ ಅಕ್ಕ ಹೋಗಬೇಕಾದದ್ದು ಪೊಲೀಸ್ ಠಾಣೆಗೆ.

“ತೆಗೀತೀನಿ ಮಾವ. ಮೊದಲು ನಾನು ಕೇಳಿದ್ದಕ್ಕೆ ಉತ್ತರ ಕೊಡಿ.”

“ನಿನಗ್ಯಾಕೆ ಕೊಡ್ಬೇಕು? ನೀನೇನು ಡಾಕ್ಟರಾ, ಪೊಲೀಸಾ?”

ಎರಡೂ ಅಲ್ಲ. ಮೊಂಡ ಒಬ್ಬ ವಕೀಲರ ಬಳಿ ಸಾಕ್ಷಿಗಳನ್ನು ಹುಡುಕಿ ತರುವವನು. ಮನೆ ಬದಲಿಸಿದವರು, ಹೆದರಿ ಅಡಗಿದವರು, ನೆನಪೇ ಇಲ್ಲ ಎಂದು ನಾಟಕ ಆಡುವವರು, ಇವರ ಬಾಗಿಲು ಬಡಿದು ಬಡಿದು ಅವನ ಗೆಣ್ಣುಗಳು ಕಲ್ಲಾಗಿದ್ದವು. ಶಾಲೆ ಅವನನ್ನು ಅರ್ಧಕ್ಕೆ ಬಿಟ್ಟಿತ್ತು, ಅಥವಾ ಅವನು ಶಾಲೆಯನ್ನು. ಆ ಬಗ್ಗೆ ಮನೆಯಲ್ಲಿ ಇವತ್ತಿಗೂ ಎರಡು ಅಭಿಪ್ರಾಯ. ಮೊಂಡ ಎಂದು ಹೆಸರಿಟ್ಟವಳು ಅಕ್ಕ. ಅಂಟಿಕೊಂಡಿತು.

ಸೀಸೆ ಮಾವ ಯಾರಿಗೂ ಮಾವನಲ್ಲ. ಸೇರಿದ ದಿನದಿಂದ ಸೀಸೆ ತೊಳೆದು, ಸೀಸೆ ತುಂಬಿ, ಸೀಸೆ ಕಾದು ತಲೆ ನರೆತಿತ್ತು. ಆಸ್ಪತ್ರೆಯೆಲ್ಲ ಹಾಗೇ ಕರೆಯುತ್ತಿತ್ತು. ಮೆಟ್ಟಿಲಿನ ಕೆಳಗೆ, ಆಮ್ಲಜನಕದ ಸಿಲಿಂಡರುಗಳ ಪಕ್ಕ ಇದ್ದ ಈ ಕೋಣೆಯಲ್ಲಿ ಒಬ್ಬ ಎತ್ತರದ ಮನುಷ್ಯ ನೆಟ್ಟಗೆ ನಿಲ್ಲಲು ಸಾಧ್ಯವಿದ್ದದ್ದು ಒಂದೇ ಜಾಗದಲ್ಲಿ. ಅಲ್ಲಿ ಈಗ ಮಾವ ನಿಂತಿದ್ದ. ಮೊಂಡ ಕತ್ತು ಬಗ್ಗಿಸಿಕೊಂಡೇ ಜಗಳ ಆಡಬೇಕಿತ್ತು.

ಮೇಜಿನ ಆ ಕಡೆ ಲ್ಯಾಬಿನ ಡಾಕ್ಟ್ರಮ್ಮ ಕುಳಿತಿದ್ದರು. ಮೊಂಡನನ್ನು ಒಳಗೆ ಬಿಟ್ಟವರು ಅವರೇ. ಈ ಆಸ್ಪತ್ರೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಮಾತು ಕಡಿಮೆ. ಇಡೀ ಕಟ್ಟಡದಲ್ಲಿ ಅಕ್ಕನ ಪರವಾಗಿ ಒಂದು ಮಾತು ಆಡಿದ ದೊಡ್ಡವರು ಅವರೊಬ್ಬರೇ, ಅದಕ್ಕೇ ಮೊಂಡನಿಗೆ ಅವರೆಂದರೆ ಭರವಸೆ.

“ಹೇಳಿ ಮಾವ” ಎಂದರು ಅವರು ಮೆಲ್ಲಗೆ. “ಹೇಳಿದ್ರೆ ಏನೂ ಹೋಗಲ್ಲ.”

ಮಾವ ಗೊಣಗುತ್ತಲೇ ವಿವರಿಸಿದ. ರೋಗಿಯ ತೋಳಿನಿಂದ ತೆಗೆದ ರಕ್ತವನ್ನು ಸೀಸೆಗೆ ಹಾಕುತ್ತಾರೆ. ಸೀಸೆಯಲ್ಲಿ ತಿಳಿಯಾದ ಒಂದು ದ್ರವ ಇರುತ್ತದೆ, ಕ್ರಿಮಿಗಳಿಗೆ ಪ್ರಿಯವಾದದ್ದು. ಮಾವನೇ ಕುದಿಸಿ ತಯಾರಿಸಿ ಅದನ್ನು ಊಟ ಎನ್ನುತ್ತಿದ್ದ. ಕಾವುಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟರೆ, ರಕ್ತದಲ್ಲಿ ಕ್ರಿಮಿ ಇದ್ದರೆ ಅದು ಊಟ ಮಾಡಿ ಮಕ್ಕಳು ಮರಿ ಮಾಡುತ್ತದೆ, ದ್ರವ ಕದಡುತ್ತದೆ. ಇಲ್ಲದಿದ್ದರೆ ತಿಳಿಯಾಗಿಯೇ ಉಳಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಕಾಯಲು ಯಂತ್ರ ಇದೆಯಂತೆ. ಇಲ್ಲಿ ಮಾವನ ಕಣ್ಣು ಇತ್ತು. ಬೆಳಿಗ್ಗೆ ಸಂಜೆ ಒಂದೊಂದು ಸೀಸೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ.

ದೊಡ್ಡವರಿಗೆ ದೊಡ್ಡ ಸೀಸೆ. ಅವು ಹೊಸದಾಗಿ ಬರುತ್ತವೆ, ತಮ್ಮದೇ ಹೊಸ ರಬ್ಬರು ಬಿರಡೆಯ ಜೊತೆ. ಎಳೆಗೂಸಿನಿಂದ ಅಷ್ಟು ರಕ್ತ ತೆಗೆಯಲಾಗದು, ಅದಕ್ಕೆ ಬೆರಳುದ್ದದ ಚಿಕ್ಕ ಸೀಸೆ. ಚಿಕ್ಕವನ್ನು ಈ ಆಸ್ಪತ್ರೆಗೆ ಯಾರೂ ತಂದುಕೊಡುವುದಿಲ್ಲ. ಇದ್ದವನ್ನೇ ನೆನೆಹಾಕಿ, ತೊಳೆದು, ಹಬೆಯಲ್ಲಿ ಬೇಯಿಸಿ, ಮತ್ತೆ ತುಂಬಬೇಕು. ಬಿರಡೆಯೂ ಅದೇ. ತೊಳೆಯುವವನು ಮಾವ. ಅದರ ಬಗ್ಗೆ ಅವನಿಗೆ ಎಷ್ಟು ಹೆಮ್ಮೆ ಎಂದರೆ ಹೇಳುವಾಗ ದನಿಯಲ್ಲಿದ್ದ ಸಿಟ್ಟು ಮಾಯವಾಗಿತ್ತು.

ಮೂಲೆಯ ಗಾಜಿನ ಕಪಾಟಿನೊಳಗೆ ಒಂದು ಟ್ರೇ ಬಿಳಿ ಬಟ್ಟೆ ಹೊದ್ದು ಕುಳಿತಿತ್ತು. ಸತ್ತ ಮೂರು ಕೂಸುಗಳ ಸೀಸೆಗಳು, ಸಮಿತಿಗಾಗಿ ಎತ್ತಿಟ್ಟದ್ದು. ಬಟ್ಟೆ ಒಂದು ಬದಿಯಲ್ಲಿ ಗುಡಾರದ ಹಾಗೆ ಎತ್ತಿಕೊಂಡಿತ್ತು. ಮೊಂಡ ಅತ್ತ ಹೆಜ್ಜೆ ಇಟ್ಟಾಗ ಡಾಕ್ಟ್ರಮ್ಮ ತಡೆದರು. ಅದನ್ನು ಮುಟ್ಟಿದರೆ ಸಾಕ್ಷ್ಯ ಕೆಡಿಸಿದೆ ಎಂದು ಅದನ್ನೂ ನಿನ್ನ ಅಕ್ಕನ ತಲೆಗೇ ಕಟ್ಟುತ್ತಾರೆ ಎಂದರು. ನ್ಯಾಯವಾದ ಮಾತು. ಮೊಂಡ ಹಿಂದೆ ಸರಿದ.

“ಸರಿ ಮಾವ. ಚಿಕ್ಕ ಸೀಸೆಯಲ್ಲಿ ಕೊನೇ ಸಲ ಏನಾದ್ರೂ ಬೆಳೆದದ್ದು ಯಾವಾಗ?”

“ಯಾವತ್ತೂ ಇಲ್ಲ.”

“ಕಾಯಿಲೆ ಕ್ರಿಮಿ ಬಿಡಿ. ಕೊಳೆ?”

ಇದನ್ನು ಅವನಿಗೆ ಹೇಳಿಕೊಟ್ಟದ್ದು ಡಾಕ್ಟ್ರಮ್ಮನೇ. ಚರ್ಮದ ಮೇಲಿನ ಕೊಳೆ ಸೂಜಿಯ ಜೊತೆ ಒಳಗೆ ಹೋಗಿ ಸೀಸೆಯಲ್ಲಿ ಬೆಳೆಯುವುದು ಎಲ್ಲ ಲ್ಯಾಬಿನಲ್ಲೂ ಆಗುತ್ತದೆ. ಎಷ್ಟೇ ಒರೆಸಿದರೂ ಆಗೊಮ್ಮೆ ಈಗೊಮ್ಮೆ ಆಗಿಯೇ ಆಗುತ್ತದೆ. ಈ ಆಸ್ಪತ್ರೆಯ ದೊಡ್ಡ ಸೀಸೆಗಳಲ್ಲಂತೂ ಧಾರಾಳವಾಗಿ ಆಗುತ್ತಿತ್ತು.

“ಕೊಳೆನೂ ಇಲ್ಲ” ಎಂದ ಮಾವ, ಎದೆ ಉಬ್ಬಿಸಿ. “ನಾನು ತೊಳೆಯೋದು ಅಷ್ಟು ಚೊಕ್ಕ.”

ಮೊಂಡನಿಗೆ ಇಡೀ ದಿನದಲ್ಲಿ ಮೊದಲ ಸಲ ನಗು ಬಂತು. ಒಳ್ಳೆಯ ನಗು ಅಲ್ಲ.

“ಮಾವ, ನಿಜವಾದ ಸಾಕ್ಷಿ ಕೋರ್ಟಲ್ಲಿ ಒಂದು ಕಡೆನಾದ್ರೂ ತಡವರಿಸ್ತಾನೆ. ಅಂಗಿ ಬಣ್ಣ ಮರೀತಾನೆ, ಎಡ ಬಲ ಅದಲು ಬದಲು ಮಾಡ್ತಾನೆ. ಒಂದೂ ತಪ್ಪಿಲ್ಲದೆ ಗಿಣಿ ಹಾಗೆ ಒಪ್ಪಿಸಿಬಿಟ್ರೆ, ಮನೇಲಿ ಯಾರೋ ಕೂರಿಸ್ಕೊಂಡು ಹೇಳಿಕೊಟ್ಟು ಕಳಿಸಿದ್ದಾರೆ ಅಂತ ಅರ್ಥ. ನಿಮ್ಮ ಚಿಕ್ಕ ಸೀಸೆಗಳು ಗಿಣಿಗಳು.”

ಡಾಕ್ಟ್ರಮ್ಮನ ಪೆನ್ನು ನಿಂತಿತು.

“ಯಾರು ಹೇಳಿಕೊಟ್ಟದ್ದು?” ಮೊಂಡ ಬಿಡಲಿಲ್ಲ. “ಎಳೆಗೂಸುಗಳ ವಾರ್ಡು ಹೊಸದು. ಬಾಗಿಲ ಮೇಲೆ ದೊಡ್ಡ ಡಾಕ್ಟರ ಫೋಟೋ. ಅಲ್ಲಿ ಸೋಂಕು ಅಂತ ಲ್ಯಾಬು ಹೇಳಿದ್ರೆ ವಾರ್ಡಿಗೆ ಬೀಗ ಬೀಳುತ್ತೆ. ಒಬ್ಬ ನರ್ಸಿನ ತಪ್ಪು ಅಂದ್ರೆ ಬೀಗ ನರ್ಸಿಗೆ ಮಾತ್ರ. ಸೀಸೆ ಬದಲಾಯಿಸಿ ಅಂತ ನಿಮಗೆ ಹೇಳಿದ್ರಾ, ಇಲ್ಲ ನೀವೇ ಅವರ ಮನಸ್ಸು ಓದ್ಕೊಂಡ್ರಾ?”

ಮಾವ ಮೇಜಿಗೆ ಹೊಡೆಯಲಿಲ್ಲ, ಕೂಗಲಿಲ್ಲ. ಮುಖ ಮಾತ್ರ ಬಿಳುಚಿತು. ಈ ಲ್ಯಾಬನ್ನು ಮುಚ್ಚುತ್ತೇವೆ ಎಂದು ಬಂದವರೆಷ್ಟು ಜನ, ಸಾಮಾನು ಇಲ್ಲದೆ ರಕ್ತ ಪರೀಕ್ಷೆ ಹೇಗೆ ಮಾಡುತ್ತೀಯ ಎಂದು ನಕ್ಕವರೆಷ್ಟು ಜನ ಎಂದು ಹೇಳಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ. ಆಮೇಲೆ ಕೈಯನ್ನು ಒರೆಸುಬಟ್ಟೆಗೆ ಒರೆಸಿಕೊಂಡ, ಬೆರಳು ಬೆರಳಾಗಿ.

“ನನ್ನ ಸೀಸೆ ಸುಳ್ಳು ಹೇಳಲ್ಲ” ಎಂದ.

“ಹಾಗಾದ್ರೆ ತೋರಿಸಿ.”

“ಹೇಗೆ ತೋರಿಸ್ಲಿ? ಪ್ರತಿ ಸಲ ತುಂಬಿದಾಗಲೂ ಒಂದು ಸೀಸೆಗೆ ರಕ್ತ ಹಾಕದೆ ಹಾಗೇ ಪೆಟ್ಟಿಗೇಲಿ ಇಡ್ತೀನಿ. ಒಂದ್ಸಲಾನೂ ಕದಡಿಲ್ಲ.”

ಆಗ ಡಾಕ್ಟ್ರಮ್ಮ ಮಾತಾಡಿದರು. ಬೆಳೆಯಬಾರದ್ದು ಬೆಳೆಯುತ್ತದೆಯೇ ಎಂದಷ್ಟೇ ನಾವು ನೋಡಿದ್ದೇವೆ, ಬೆಳೆಯಬೇಕಾದ್ದು ಬೆಳೆಯುತ್ತದೆಯೇ ಎಂದು ನೋಡಿಲ್ಲ ಎಂದರು. ಗಂಡಸರ ವಾರ್ಡಿನ ಒಬ್ಬ ರೋಗಿಯ ದೊಡ್ಡ ಸೀಸೆ ಇವತ್ತೇ ಕದಡಿದೆ, ಅದರೊಳಗಿನ ಕ್ರಿಮಿ ಜೀವಂತ ಇದೆ. ಅದರಿಂದ ಒಂದಿಷ್ಟು ಹೊಸ ದೊಡ್ಡ ಸೀಸೆಗೂ, ಅಷ್ಟೇ ಒಂದಿಷ್ಟು ತೊಳೆದಿಟ್ಟ ಚಿಕ್ಕ ಸೀಸೆಗೂ ಹಾಕೋಣ. ಒಂದೇ ಪಾತ್ರೆಯ ಊಟ, ಒಂದೇ ಪೆಟ್ಟಿಗೆ, ಒಂದೇ ರಾತ್ರಿ. ಬೆಳಿಗ್ಗೆ ಎರಡೂ ಕದಡಿದ್ದರೆ ಮಾವ ಗೆದ್ದ ಹಾಗೆ. ಇಷ್ಟನ್ನೂ ಅವರು ಒಂದೇ ಉಸಿರಿಗೆ, ಒಂದೂ ತಡವರಿಸದೆ ಹೇಳಿದರು.

ಓದಿದವರ ತಲೆ ಎಂದರೆ ತಲೆ ಎಂದುಕೊಂಡ ಮೊಂಡ.

ಕೆಲಸವನ್ನು ತಾನೇ ಮಾಡುತ್ತೇನೆ ಎಂದು ಮಾವ ಹಟ ಹಿಡಿದ. ತಂತಿಯನ್ನು ಬೆಂಕಿಗೆ ಹಿಡಿದು ಕೆಂಪಾಗಿಸಿ, ಆರಿಸಿ, ಕದಡಿದ ಸೀಸೆಯ ದ್ರವಕ್ಕೆ ಅದ್ದಿದ. ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಅವನ ಕೈ ಒಂಚೂರೂ ಅಲುಗಲಿಲ್ಲ. ಮೊಂಡ ತನ್ನ ಮೂಗನ್ನು ಆ ಕೈಗೆ ಅಂಟಿಸಿಕೊಂಡ ಹಾಗೆ ನಿಂತು ನೋಡಿದ. ಕಣ್ಣು ತಪ್ಪಿಸಿ ಏನಾದರೂ ಮಾಡಿದನೇ? ಇಲ್ಲ.

ಪೆಟ್ಟಿಗೆಯ ಬಾಗಿಲು ಮುಚ್ಚಿ, ಟವೆಲು ತುರುಕಿ, ಟ್ಯೂಬು ಬಿಗಿದ ಮೇಲೆ ಮೊಂಡ ಜೇಬಿನಿಂದ ಅರಗಿನ ತುಂಡು ತೆಗೆದ. ವಕೀಲರ ಕಚೇರಿಯ ಅಭ್ಯಾಸ. ಬಾಗಿಲಿಗೂ ಚೌಕಟ್ಟಿಗೂ ಅಡ್ಡ ದಾರ ಎಳೆದು, ಅರಗು ಕರಗಿಸಿ ತೊಟ್ಟಿಕ್ಕಿ, ಹೆಬ್ಬೆರಳು ಒತ್ತಿದ. ಸುಟ್ಟುಕೊಂಡ. ಮಾವ ಅದನ್ನು ನೋಡಿ, ಪತ್ತೇದಾರನಿಗೆ ಸುಟ್ಟ ಗಾಯದ ಮುಲಾಮು ಬೇಕಾದರೆ ಹೊರರೋಗಿ ವಿಭಾಗದಲ್ಲಿ ಸಿಗುತ್ತದೆ, ಸಾಲು ಸ್ವಲ್ಪ ಉದ್ದ ಎಂದ.

ಕೋಣೆಯ ಕೀಲಿ ಯಾರ ಕೈಯಲ್ಲಿ ಎಂಬ ಪ್ರಶ್ನೆ ಬಂತು. ಮಾವನ ಕೈಯಲ್ಲಿ ಬಿಡಲು ಮೊಂಡ ಒಪ್ಪಲಿಲ್ಲ. ಅವನೇ ಇಸಿದುಕೊಂಡು ಡಾಕ್ಟ್ರಮ್ಮನಿಗೆ ಕೊಟ್ಟ.

*

ಬೆಳಿಗ್ಗೆ ಅರಗು ಹೇಗಿತ್ತೋ ಹಾಗೇ ಇತ್ತು. ಹೆಬ್ಬೆರಳಿನ ಗೆರೆ ಸಮೇತ.

ಮಾವ ಎರಡು ಸೀಸೆಗಳನ್ನೂ ತೆಗೆದು ಕಿಟಕಿಗೆ ಹಿಡಿದ. ದೊಡ್ಡ ಸೀಸೆ ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು. ಚಿಕ್ಕದರಾಚೆ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಮಾವ ಅದನ್ನು ಅಲುಗಿಸಿದ. ತಿರುಗಿಸಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಕ್ರಿಮಿಯನ್ನು ತನ್ನ ಕೈಯಾರೆ ಒಳಗೆ ಬಿಟ್ಟಿದ್ದ. ಹಸಿದ ಕ್ರಿಮಿಯನ್ನು ಊಟದ ಮುಂದೆ ಕೂರಿಸಿದ್ದ. ಅದು ಸತ್ತು ಹೋಗಿತ್ತು.

ಮೊಂಡನಿಗೆ ಕುಣಿಯಬೇಕು ಎನಿಸಬೇಕಿತ್ತು. ಎನಿಸಿದ್ದು ಸಿಟ್ಟು. ಈ ಬೆರಳುದ್ದದ ಗಾಜನ್ನು ಮುಂದಿಟ್ಟುಕೊಂಡು ಇವರು ತನ್ನ ಅಕ್ಕನಿಗೆ ಏನೆಲ್ಲ ಅಂದಿದ್ದರು. ವಾರ್ಡಿನ ಆಯಾ ಕೂಡ ಅವಳು ಮುಟ್ಟಿದ ಲೋಟ ಮುಟ್ಟುತ್ತಿರಲಿಲ್ಲ. ಸತ್ತ ಕೂಸಿನ ಅಜ್ಜಿ ಮನೆಯ ಬಾಗಿಲಿಗೆ ಬಂದು ಮಣ್ಣು ತೂರಿ ಹೋಗಿದ್ದಳು. ಆ ಅಜ್ಜಿಯ ಮೇಲೆ ಮೊಂಡನಿಗೆ ಸಿಟ್ಟು ಬರಲಿಲ್ಲ. ಅವಳಿಗೆ ಹೇಳಿದವರ ಮೇಲೆ ಬಂತು.

“ಊಟ ಒಂದೇ ಪಾತ್ರೆಯದು” ಎಂದು ಮಾವ ತನ್ನಷ್ಟಕ್ಕೆ ಹೇಳಿಕೊಂಡ. “ನೀರು ಒಂದೇ. ಗಾಜು ಗಾಜೇ.”

“ಬಿರಡೆ?” ಎಂದರು ಡಾಕ್ಟ್ರಮ್ಮ.

ಬಳಸಿದ ಸೀಸೆಯಲ್ಲಿ ರೋಗಿಯ ರಕ್ತ ಇರುತ್ತದೆ, ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಅದಕ್ಕೇ ಮಾವ ಸೀಸೆ ಬಿರಡೆ ಎಲ್ಲವನ್ನೂ ರಾತ್ರಿಯಿಡೀ ಗಟ್ಟಿ ಫಿನಾಯಿಲಿನಲ್ಲಿ ಮುಳುಗಿಸಿಡುತ್ತಿದ್ದ. ಬೆಳಿಗ್ಗೆ ಸೋಪು, ಆಮೇಲೆ ನೀರು, ಆಮೇಲೆ ಹಬೆ. ಗಾಜು ಫಿನಾಯಿಲು ಕುಡಿಯುವುದಿಲ್ಲ. ರಬ್ಬರು ಕುಡಿಯುತ್ತದೆ ಎಂದರು ಡಾಕ್ಟ್ರಮ್ಮ. ಎಷ್ಟು ಸಲ ನೆನೆಸಿದರೆ ಅಷ್ಟು. ಆಮೇಲೆ ಸೀಸೆಯ ಬಾಯಲ್ಲಿ ಕೂತು, ಹಬೆಯಲ್ಲಿ ಬೆಂದು, ಕುಡಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಊಟದೊಳಗೆ ಬಿಡುತ್ತದೆ.

ಹಾಗಿದ್ದರೆ ವಾಸನೆ ಬರಬೇಕಿತ್ತಲ್ಲ ಎಂದು ಮಾವ ವಾದಿಸಿದ. ಮೂರೂ ಜನ ಬಿರಡೆಗಳನ್ನು ಮೂಸಿದರು. ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ನೆಲ ಒರೆಸುವುದು ಅದರಲ್ಲೇ, ಗೋಡೆ ಒರೆಸುವುದು ಅದರಲ್ಲೇ, ಅವರ ಬಟ್ಟೆ ಕೂದಲೆಲ್ಲ ಅದೇ ವಾಸನೆ. ಇಡೀ ಕಟ್ಟಡವೇ ಅದನ್ನು ಉಸಿರಾಡುತ್ತಿತ್ತು.

ಡಾಕ್ಟ್ರಮ್ಮ ಚಿಕ್ಕ ಸೀಸೆಗಳ ಒಂದು ಹಿಡಿ ಬಿರಡೆಗಳನ್ನು ಶುದ್ಧ ನೀರಿನ ಗಾಜಿನ ಲೋಟಕ್ಕೆ ಹಾಕಿ ಬಿಸಿ ಮಾಡಿದರು, ಮೇಲೊಂದು ತಟ್ಟೆ ಮುಚ್ಚಿದರು. ಅದನ್ನು ಹಿಡಿದುಕೊಂಡು ಮೂವರೂ ಹೊರಟರು. ಮೊದಲು ಮೆಟ್ಟಿಲು, ಆಮೇಲೆ ಉದ್ದನೆಯ ಓಣಿ, ಚೀಟಿ ಬರೆಸಲು ನಿಂತವರ ಸಾಲು, ಆಂಬುಲೆನ್ಸ್ ನಿಲ್ಲುವ ಜಾಗ. ಅಲ್ಲೂ ವಾಸನೆ ಇತ್ತು. ಗೇಟು ದಾಟಿ, ರಸ್ತೆ ದಾಟಿ, ಪಂಕ್ಚರ್ ಅಂಗಡಿಯ ಪಕ್ಕದ ಬೇಲಿಯ ಬಳಿ ನಿಂತರು. ಗಾಳಿ ಬೀಸುತ್ತಿತ್ತು. ದೂರದಲ್ಲಿ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಎಲ್ಲರೂ ಒಂದಷ್ಟು ಹೊತ್ತು ಸುಮ್ಮನೆ ಉಸಿರಾಡಿದರು, ಮೂಗು ತೊಳೆದುಕೊಳ್ಳುವ ಹಾಗೆ.

ಪಂಕ್ಚರ್ ಅಂಗಡಿಯವನು, ಏನು, ಡಾಕ್ಟರು ನಮ್ಮ ಬೇಲಿಗೂ ಔಷಧಿ ಹಾಕ್ತೀರಾ ಎಂದು ಕೇಳಿದ.

ಮಾವ ತಟ್ಟೆ ಸರಿಸಿ ಮೂಗು ಹತ್ತಿರ ತಂದ.

ಮತ್ತೊಮ್ಮೆ ಮೂಸಿದ. ಲೋಟವನ್ನು ಮೊಂಡನ ಕೈಗೆ ಕೊಟ್ಟ. ಮೊಂಡ ಮೂಸಿದ, ಆಸ್ಪತ್ರೆಯ ಬಾಗಿಲು ತೆರೆದ ಹಾಗೆ ವಾಸನೆ ಮುಖಕ್ಕೆ ಹೊಡೆಯಿತು.

“ದಿನಾ ಮೂಸಿದ್ದೀನಿ” ಎಂದ ಮಾವ. “ಅದು ಶುಚಿಯ ವಾಸನೆ ಅಂದ್ಕೊಂಡಿದ್ದೆ.”

ಮೊಂಡ ಇವನಿಗೆ ಹೇಳಬೇಕೆಂದು ರಾತ್ರಿಯಿಂದ ಕಟ್ಟಿಟ್ಟುಕೊಂಡಿದ್ದ ಬೈಗುಳ ಒಂದು ಮೂಟೆ ಇತ್ತು. ಬಾಯಿ ತೆರೆದ. ಎದುರಿಗೆ ನಿಂತ ಮುದುಕನ ಕುತ್ತಿಗೆಯ ನರ ಹೊಡೆದುಕೊಳ್ಳುತ್ತಿತ್ತು. ಮೂಟೆಯನ್ನು ಹಾಗೇ ಒಳಗಿಟ್ಟುಕೊಂಡ.

“ಸಮಿತಿ ಮುಂದೆ ಇದನ್ನ ಹೇಳ್ತೀರಾ ಮಾವ?”

“ಹೇಳ್ತೀನಿ.”

“ಕೆಲಸ ಹೋಗಬಹುದು.”

“ಹೇಳ್ತೀನಿ ಅಂದ್ನಲ್ಲ” ಎಂದ ಮಾವ. “ನಿನಗೆ ಕಿವಿನೂ ಮೊಂಡಾನಾ?”

ಡಾಕ್ಟ್ರಮ್ಮ ಆಗಲೇ ಫೋನಿನಲ್ಲಿದ್ದರು. ಚಿಕ್ಕ ಸೀಸೆಯ ಯಾವ ಫಲಿತಾಂಶವನ್ನೂ ನಂಬಬೇಡಿ, ಈಗ ತೊಟ್ಟಿಲಲ್ಲಿರುವ ಯಾವ ಕೂಸಿನ ಔಷಧಿಯನ್ನೂ ನಿಲ್ಲಿಸಬೇಡಿ, ಹೊಸ ಬಿರಡೆಯ ಸೀಸೆಯಲ್ಲಿ ಮತ್ತೆ ರಕ್ತ ತೆಗೆಯಿರಿ ಎಂದು ವಾರ್ಡಿಗೆ ಹೇಳುತ್ತಿದ್ದರು. ಹೇಳಿ ಮುಗಿಸಿ, ಸತ್ತ ಕೂಸುಗಳ ಟ್ರೇಯನ್ನು ಸಮಿತಿಯ ಮುಂದೆ ತಾವೇ ಖುದ್ದಾಗಿ ಇಡುವುದಾಗಿ ಮೊಂಡನಿಗೆ ಮಾತು ಕೊಟ್ಟರು. ಸಮಿತಿ ಕೂರುವುದು ಊರಿನ ಆ ತುದಿಯ ಮುಖ್ಯ ಕಚೇರಿಯಲ್ಲಿ. ಅವರ ಕಾರಿನ ಹಿಂದಿನ ಸೀಟಿನ ಮೇಲೆ ಟ್ರೇ ಇಟ್ಟವನು ಮೊಂಡನೇ. ಬಟ್ಟೆ ಹೊದ್ದ ಟ್ರೇ ಒಂದು ಕಡೆಗೆ ವಾಲುತ್ತಿತ್ತು, ಆ ಬದಿ ಭಾರ. ಉರುಳದ ಹಾಗೆ ತನ್ನ ಕರವಸ್ತ್ರ ಮಡಚಿ ಒತ್ತು ಕೊಟ್ಟ.

ಡಾಕ್ಟ್ರಮ್ಮ ಕಿಟಕಿಯಿಂದ ಕೈ ಹೊರಗೆ ಚಾಚಿ ಅವನ ತೋಳು ತಟ್ಟಿದರು.

“ಅಕ್ಕನಿಗೆ ಹೇಳು, ಇವತ್ತು ನೆಮ್ಮದಿಯಾಗಿ ಊಟ ಮಾಡ್ಲಿ.”

*

ಅಕ್ಕ ಊಟ ಮಾಡುತ್ತಿರಲಿಲ್ಲ. ಸಮಿತಿಗೆ ಹಾಕಿಕೊಂಡು ಹೋಗಲು ಬಿಳಿ ಯೂನಿಫಾರ್ಮನ್ನು ಇಸ್ತ್ರಿ ಮಾಡುತ್ತಿದ್ದಳು. ಬೇಡ, ಸಾದಾ ಬಟ್ಟೆಯಲ್ಲಿ ಹೋಗು, ಕನಿಕರ ಹುಟ್ಟುತ್ತದೆ ಎಂದು ವಕೀಲರು ಹೇಳಿ ಕಳಿಸಿದ್ದರು. ಕನಿಕರ ಯಾರಿಗೆ ಬೇಕು, ನಾನು ನರ್ಸು, ನರ್ಸಿನ ಹಾಗೇ ಹೋಗುತ್ತೇನೆ ಎಂದು ಅವಳು ಉತ್ತರ ಕಳಿಸಿದ್ದಳು. ಮೊಂಡತನ ಮನೆತನದ ಆಸ್ತಿ.

ಭಾವ ಹೊಲಿಗೆ ಯಂತ್ರದ ಹಿಂದೆ ಕುಳಿತು ಯಾರದೋ ಪರದೆ ಹೊಲಿಯುತ್ತಿದ್ದ. ಮೊಂಡ ಒಳಗೆ ನುಗ್ಗಿದಾಗ ತಲೆ ಎತ್ತದೆಯೇ ಹೇಳಿದ.

“ಬಂದ ನೋಡೇ ನಿನ್ನ ಪತ್ತೇದಾರ. ಉಸಿರು ನೋಡಿದ್ರೆ ಯಾರಿಗೋ ಹೊಡೆದು ಬಂದಿದ್ದಾನೆ, ಇಲ್ಲ ಹೊಡೆಸ್ಕೊಂಡು ಬಂದಿದ್ದಾನೆ.”

“ಇವತ್ತು ಎರಡೂ ಇಲ್ಲ ಭಾವ. ಮಿಷನ್ ನಿಲ್ಲಿಸಿ. ಅಕ್ಕ, ಕೂತ್ಕೋ.”

ಅಕ್ಕ ಕೂರಲಿಲ್ಲ. ಮೊಂಡ ನಿಂತೇ ಎಲ್ಲ ಹೇಳಿದ. ಗಿಣಿ ಸೀಸೆಗಳನ್ನು ಹೇಳಿದ, ಅರಗನ್ನು ಹೇಳಿದ, ಕಿಟಕಿಗೆ ಹಿಡಿದ ಎರಡು ಸೀಸೆಗಳನ್ನು ಹೇಳಿದ, ಬೇಲಿಯ ಹತ್ತಿರದ ವಾಸನೆಯನ್ನು ಹೇಳಿದ. ರಕ್ತದಲ್ಲಿ ಸೋಂಕು ಇಲ್ಲ ಎಂಬ ಮಾತೇ ಬಿದ್ದು ಹೋಯಿತು. ಅದು ಬಿದ್ದ ಮೇಲೆ ಅಕ್ಕ ಏನೋ ಕೊಟ್ಟಳು ಎಂಬ ಮಾತಿಗೆ ಕಾಲೇ ಇಲ್ಲ. ಭಾವ ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ಹಾಗೇ ಕುಳಿತ. ಅವನ ಕಣ್ಣು ತುಂಬಿತು, ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಬಗ್ಗಿಸಿದ. ದಾರ ಆಗಲೇ ಪೋಣಿಸಿಯಾಗಿತ್ತು.

ಅಕ್ಕ ನಗಲಿಲ್ಲ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ಕೆಟ್ಟಿರೋದು ಚಿಕ್ಕ ಸೀಸೆ ಮಾತ್ರಾನಾ?”

“ಚಿಕ್ಕದು ಮಾತ್ರ. ದೊಡ್ಡದಕ್ಕೆ ಹೊಸ ಬಿರಡೆ. ದೊಡ್ಡದು ಸರಿಯಾಗಿದೆ, ಕಣ್ಣಾರೆ ನೋಡ್ದೆ.”

“ಹಾಗಾದ್ರೆ ಎರಡು ಕೂಸಿಗೆ ಲೆಕ್ಕ ಸಿಕ್ತು” ಎಂದಳು ಅಕ್ಕ.

ಮೊಂಡನಿಗೆ ಅರ್ಥವಾಗಲಿಲ್ಲ.

“ಮೂರನೇ ಕೂಸಿನ ರಕ್ತ ನಾನು ದೊಡ್ಡ ಸೀಸೆಗೆ ಹಾಕಿದ್ದು ಕಣೋ. ಯಾವ ಸೀಸೆ ಅಂತ ಇಲ್ಲೀವರೆಗೂ ಯಾರೂ ಕೇಳ್ಲಿಲ್ಲ. ನನಗೂ ಅದು ಹೇಳೋ ಮಾತು ಅನ್ನಿಸ್ಲಿಲ್ಲ. ಸೀಸೆ ಸೀಸೆ ಅಷ್ಟೇ ಅಂದ್ಕೊಂಡಿದ್ದೆ.”

ಬಿಳಿ ಬಟ್ಟೆ ಒಂದು ಬದಿಯಲ್ಲಿ ಗುಡಾರದ ಹಾಗೆ ಎತ್ತಿಕೊಂಡಿದ್ದದ್ದು ಮೊಂಡನ ಕಣ್ಣ ಮುಂದೆ ಬಂತು. ಕಾರಿನ ಸೀಟಿನ ಮೇಲೆ ಟ್ರೇ ವಾಲಿದ್ದು ಬಂತು. ಆ ಭಾರಕ್ಕೆ ತನ್ನದೇ ಕರವಸ್ತ್ರ ಒತ್ತು ಕೊಟ್ಟಿದ್ದ.

ಹೊಸ ಬಿರಡೆಯ ದೊಡ್ಡ ಸೀಸೆ. ಅದರಲ್ಲೂ ಏನೂ ಬೆಳೆದಿರಲಿಲ್ಲ.

ಸಮಿತಿಯವರು ಬಟ್ಟೆ ತೆಗೆಯುತ್ತಾರೆ. ಎರಡು ಚಿಕ್ಕ ಸೀಸೆಗಳನ್ನು ಮಾವನ ಫಿನಾಯಿಲಿನ ಲೆಕ್ಕಕ್ಕೆ ಬರೆದು ಬದಿಗಿಡುತ್ತಾರೆ. ಆಮೇಲೆ ಮೂರನೆಯದನ್ನು ಎತ್ತಿ ಹಿಡಿದು, ಇದು ಒಳ್ಳೆಯ ಸೀಸೆ, ನಿಮ್ಮ ಪರೀಕ್ಷೆಯೇ ಹೇಳಿದೆ, ಇದರ ಮಾತನ್ನು ನಂಬೋಣವೇ ಎಂದು ಕೇಳುತ್ತಾರೆ. ಅಕ್ಕನನ್ನು ಬಿಡಿಸಲು ಅವನು ಕಟ್ಟಿದ ಹಗ್ಗ ಅದೇ ಗಂಟಿನಲ್ಲಿ ಅವಳ ಕತ್ತಿಗೆ ಬರುತ್ತದೆ.

“ಒಂದು ಸೀಸೆ ಸುಮ್ನಿದ್ರೆ ಕಾಯಿಲೆ ಇರ್ಲಿಲ್ಲ ಅಂತ ಅಲ್ಲ” ಎಂದ ಅವನು, ತನಗೇ ಹೇಳಿಕೊಳ್ಳುವ ಹಾಗೆ. “ಎಳೆಗೂಸು. ರಕ್ತ ಕಡಿಮೆ ಬಿದ್ದಿರಬಹುದು. ಕ್ರಿಮಿ ಸಿಗದೇ ಇರಬಹುದು.”

“ಇರಬಹುದು. ಆದರೆ ಆ ಕೂಸು ಚೆನ್ನಾಗಿತ್ತು” ಎಂದಳು ಅಕ್ಕ. “ಜ್ವರ ಇಲ್ಲ, ಮೈ ತಣ್ಣಗಾಗಿರ್ಲಿಲ್ಲ, ಹಾಲು ಚಪ್ಪರಿಸ್ಕೊಂಡು ಕುಡೀತಿತ್ತು. ಮಾರನೇ ದಿನ ಮನೆಗೆ ಹೋಗೋದಿತ್ತು. ಅದರ ಅಮ್ಮ ಚೀಲ ಕೂಡ ಕಟ್ಟಿಟ್ಟಿದ್ಲು. ಬೆಳಗಾಗೋದ್ರೊಳಗೆ ಹೋಯ್ತು.”

ಭಾವ ಎದ್ದು ಬಂದಿದ್ದ. ಮೂವರ ನಡುವೆ ಇಸ್ತ್ರಿಯ ಬಿಸಿ ನಿಧಾನವಾಗಿ ಏಳುತ್ತಿತ್ತು.

“ಚೆನ್ನಾಗಿದ್ದ ಕೂಸಿನ ರಕ್ತ ಯಾಕೆ ತೆಗೆದೆ ಅಕ್ಕ?”

“ತೆಗಿ ಅಂದ್ರು.”

“ಯಾರು? ದೊಡ್ಡ ಡಾಕ್ಟರಾ?”

“ಅವರು ಆ ಕಡೆ ಬಂದೇ ಇರ್ಲಿಲ್ಲ.” ಅಕ್ಕ ಯೂನಿಫಾರ್ಮಿನ ತೋಳನ್ನು ಮಡಚಿದಳು, ಬಿಚ್ಚಿದಳು. “ಲ್ಯಾಬಿನ ಡಾಕ್ಟ್ರಮ್ಮ. ಲ್ಯಾಬಿನವರು ವಾರ್ಡಿಗೆ ಬರೋದೇ ಅಪರೂಪ, ಅದಕ್ಕೇ ನೆನಪಿದೆ. ಚಿಕ್ಕ ಸೀಸೆ ತರ್ತೀನಿ ಅಂತ ಹೊರಟೆ. ಬೇಡ ಅಂದ್ರು. ಕೋಟಿನ ಜೇಬಿಂದ ದೊಡ್ಡ ಸೀಸೆ ತೆಗೆದು ಅವರೇ ನನ್ನ ಕೈಗಿಟ್ರು.”

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

ಅಂದರೆ ಚಿಕ್ಕ ಸೀಸೆಯನ್ನು ನಂಬಬಾರದು ಎಂದು ಆಕೆಗೆ ಆಗಲೇ ಗೊತ್ತಿತ್ತು. ಮೊಂಡ ಲ್ಯಾಬಿನ ಬಾಗಿಲು ತುಳಿಯುವ ಮುಂಚೆ. ಮೂರನೆಯ ಕೂಸು ಸಾಯುವ ಮುಂಚೆ. ಎರಡು ಕೂಸುಗಳ ಹಿಂದೆ ಮೂರನೆಯದೂ ಹೋದರೆ ಯಾರೂ ಅದನ್ನು ಬೇರೆ ಎಂದು ಎಣಿಸುವುದಿಲ್ಲ ಎಂದೂ ಗೊತ್ತಿತ್ತೇ? ಗೊತ್ತಿದ್ದೂ, ಅಕ್ಕನ ಕಡೆ ಎಲ್ಲರೂ ಬೆರಳು ತೋರಿಸುವಾಗ ಸೀಸೆಯ ವಿಷಯ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪರೀಕ್ಷೆ ಹೇಗೆ ಮಾಡಬೇಕು ಎಂದು ಹೇಳಿದಳಲ್ಲ, ಒಂದೇ ಉಸಿರಿಗೆ, ಗಿಣಿಯ ಹಾಗೆ. ಇಷ್ಟು ವರ್ಷ ಸಾಕ್ಷಿಗಳ ಬಾಯಿ ನೋಡಿಕೊಂಡು ಹೊಟ್ಟೆ ಹೊರೆದವನು ಪಕ್ಕದಲ್ಲೇ ನಿಂತು ಮೆಚ್ಚಿಕೊಂಡಿದ್ದ. ಕೀಲಿಯನ್ನು ಮಾವನ ಕೈಯಿಂದ ಕಿತ್ತು ಯಾರ ಕೈಗೆ ಇಟ್ಟಿದ್ದ?

ಆಕೆಗೆ ಮೊದಲೇ ಗೊತ್ತಿತ್ತು ಎನ್ನಲು ಇದ್ದ ಒಂದೇ ಗುರುತು ಆ ದೊಡ್ಡ ಸೀಸೆ. ಅದಿದ್ದ ಟ್ರೇ ಈಗ ಎಲ್ಲಿತ್ತು?

ಮೊಂಡ ಫೋನ್ ತೆಗೆದು ಡಾಕ್ಟ್ರಮ್ಮನಿಗೆ ಕರೆ ಮಾಡಿದ. ಸ್ವಿಚ್ ಆಫ್. ಮುಖ್ಯ ಕಚೇರಿಗೆ ಮಾಡಿದ. ಸಮಿತಿಯವರು ಬಂದು ಕುಳಿತಿದ್ದಾರೆ, ಆಸ್ಪತ್ರೆಯ ಲ್ಯಾಬಿನಿಂದ ಯಾರೂ ಬಂದಿಲ್ಲ, ಯಾವ ಸೀಸೆಯೂ ಬಂದಿಲ್ಲ ಎಂದರು ಆ ಕಡೆಯವರು. ಲ್ಯಾಬಿನ ಮುದುಕ ಒಬ್ಬ ಮಾತ್ರ ಒಂದು ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಎಷ್ಟು ಹೇಳಿದರೂ ಹೋಗುತ್ತಿಲ್ಲ.

ಅಕ್ಕ ಆಗಲೇ ಒಳಗೆ ಹೋಗಿ ಯೂನಿಫಾರ್ಮು ಹಾಕಿಕೊಂಡು ಬಂದಿದ್ದಳು. ಒಂದು ತೋಳು ಇಸ್ತ್ರಿಯಾಗಿತ್ತು, ಇನ್ನೊಂದು ಆಗಿರಲಿಲ್ಲ.

“ನಡಿ” ಎಂದಳು.

“ಎಲ್ಲಿಗೆ ಅಂತ ಗೊತ್ತಾ ನಿನಗೆ?”

“ಗೊತ್ತು” ಎಂದಳು ಅಕ್ಕ, ಚಪ್ಪಲಿ ಮೆಟ್ಟುತ್ತ. “ಆ ಕೂಸಿನ ಅಮ್ಮನ ಮನೆಗೆ. ರಕ್ತ ತೆಗೆದಾಗ ಚೀಲ ಕಟ್ತಾ ಅವಳು ಅಲ್ಲೇ ಇದ್ಲು. ಡಾಕ್ಟ್ರಮ್ಮನ ಮುಖ ನೋಡಿದ ತಕ್ಷಣ ಅವಳ ಕೈಯಿಂದ ಚೀಲ ಜಾರಿ ಬಿತ್ತು ಕಣೋ. ಅವಳು ಡಾಕ್ಟ್ರಮ್ಮನ್ನ ಕರೆದದ್ದು ಡಾಕ್ಟ್ರಮ್ಮ ಅಂತ ಅಲ್ಲ. ‘ಅತ್ತಿಗೆ’ ಅಂತ.”